‘ಸೂಪರ್ ಸರ್’ ಸಾಕಾಗಲ್ಲ: ಗ್ರಾಹಕರ ಒಳ್ಳೆ ಮಾತನ್ನು ಆನ್‌ಲೈನ್‌ಗೆ ತರುವುದು ಹೇಗೆ

ಎರಡು ವರ್ಷದ ಹಿಂದೆ ಹರಿಹರದ ಒಂದು ಮನೆಗೆ ಮದುವೆ ಆಲ್ಬಮ್ ಕೊಡಲು ಹೋಗಿದ್ದೆ. ಮದುಮಗಳ ತಾಯಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತು, ಒಂದೊಂದೇ ಹಾಳೆ ತಿರುಗಿಸಿದರು. ಧಾರೆಯ ಪುಟ ಬಂತು. ಬಲಗಡೆ ಮೂಲೆಯಲ್ಲಿ ಒಂದು ಚಿಕ್ಕ ಫೋಟೊ: ಅವರ ತಂದೆ, ಎಂಬತ್ತು ದಾಟಿದ ಅಜ್ಜ, ಛತ್ರದ ಕಂಬಕ್ಕೆ ಒರಗಿ ಟವೆಲಿನ ಅಂಚಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಅಮ್ಮ ಆ ಫೋಟೊ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಆಮೇಲೆ, “ನಮ್ಮಪ್ಪ ಅತ್ತಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲಪ್ಪ. ನೀನು ಎಲ್ಲಿಂದ ನೋಡಿದೆ ಇದನ್ನ?” ಅಂದರು.

ನಾನು ಕಾಫಿ ಕುಡಿದು, ಬ್ಯಾಲೆನ್ಸ್ ತಗೊಂಡು ದಾವಣಗೆರೆಗೆ ವಾಪಸ್ ಬಂದೆ. ಹತ್ತು ದಿನ ಬಿಟ್ಟು ಅವರ ಮಗನಿಗೆ ಗೂಗಲ್ ರಿವ್ಯೂ ಲಿಂಕ್ ಕಳಿಸಿದೆ. ಅವನು ಪಾಪ ತಕ್ಷಣವೇ ಬರೆದ. “ಸೂಪರ್ ವರ್ಕ್. ಗುಡ್ ಟೀಮ್.” ಐದು ಸ್ಟಾರ್.

ಆ ಐದು ಸ್ಟಾರ್ ನೋಡಿ ನನಗೆ ಖುಷಿಗಿಂತ ಬೇಜಾರೇ ಜಾಸ್ತಿ ಆಯಿತು. ಅಮ್ಮ ಹೇಳಿದ ಆ ಒಂದು ಮಾತು ಓದಿದ್ದರೆ ಯಾವ ಮದುವೆ ಮನೆಯವರಿಗೂ ನಮ್ಮ ಕೆಲಸ ಏನು ಅಂತ ಅರ್ಥವಾಗುತ್ತಿತ್ತು. ಅದು ನನ್ನ ಕೈಗೆ ಬಂದಿತ್ತು, ಬಿಟ್ಟುಬಿಟ್ಟೆ. ಅವತ್ತಿನಿಂದ ರಿವ್ಯೂ ಕೇಳುವ ರೀತಿಯನ್ನೇ ಬದಲಾಯಿಸಿದೆ. ಹದಿನಾಲ್ಕು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ, ಅದಕ್ಕೇ ಉದಾಹರಣೆಗಳು ಹೆಚ್ಚಾಗಿ ನನ್ನ ಲೈನಿನವೇ ಇರುತ್ತವೆ. ಆದರೆ ಬ್ಲೌಸ್ ಹೊಲಿಯುವವರು, ಟ್ಯೂಷನ್ ಮಾಡುವವರು, ಅಡುಗೆಮನೆ ಕ್ಯಾಬಿನೆಟ್ ಮಾಡುವ ಕಾರ್ಪೆಂಟರ್‌ಗಳು, ಮನೆಯಿಂದ ಕೇಕ್ ಮಾಡಿ ಕೊಡುವವರು, ಯಾರಿಗಾದರೂ ಇದೇ ದಾರಿ ಹಿಡಿಸುತ್ತದೆ.

ಮೊದಲು ಮಾತು ಬಂದು ಬೀಳುವ ಜಾಗ ಸರಿ ಮಾಡಿ

ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ನಿಮ್ಮ ಹೆಸರು ಹುಡುಕಿದಾಗ ಕಾಣುವ ಪುಟ, ಇಲ್ಲದಿದ್ದರೆ ಇವತ್ತೇ ಮಾಡಿ. ದುಡ್ಡು ಏನೂ ಇಲ್ಲ. ನಿಮ್ಮ ಜಿಮೇಲ್‌ನಿಂದ ಹೆಸರು, ಕೆಲಸದ ವಿಧ, ಊರು, ಫೋನ್ ನಂಬರ್ ಕೊಟ್ಟರೆ ಗೂಗಲ್‌ನವರು ಪರಿಶೀಲನೆ ಕೇಳುತ್ತಾರೆ. ಈಗ ಬಹಳಷ್ಟು ಜನರಿಗೆ ವಿಡಿಯೊ ಮಾಡಿ ಕಳಿಸಲು ಹೇಳುತ್ತಾರೆ. ರಸ್ತೆ, ಬೋರ್ಡು, ಒಳಗಿನ ಸಾಮಾನು, ನೀವು ಬೀಗ ತೆಗೆದು ಒಳಗೆ ಹೋಗುವುದು, ಇಷ್ಟು ಒಂದೇ ವಿಡಿಯೊದಲ್ಲಿ ನಿಲ್ಲಿಸದೆ ತೋರಿಸಿ. ಅಂಗಡಿ ಇಲ್ಲದೆ ಮನೆಯಿಂದಲೇ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು, ಯಾವ ಊರುಗಳಿಗೆ ಹೋಗುತ್ತೀರಿ ಅಂತ ಮಾತ್ರ ಹಾಕಬಹುದು. ಹೆಣ್ಣುಮಕ್ಕಳಿಗೆ ಇದು ಮುಖ್ಯ.

ಹೆಸರು ಎಲ್ಲ ಕಡೆ ಒಂದೇ ಇರಲಿ. ವಿಸಿಟಿಂಗ್ ಕಾರ್ಡಿನಲ್ಲಿ ಒಂದು, ಇನ್‌ಸ್ಟಾಗ್ರಾಂನಲ್ಲಿ ಒಂದು, ಗೂಗಲ್‌ನಲ್ಲಿ ಮಗದೊಂದು ಇದ್ದರೆ ಪಾಪ ಬರೆಯಲು ಬಂದವರು ಬೇರೆ ಯಾರದೋ ಸ್ಟುಡಿಯೋಗೆ ಬರೆದು ಹೋಗುತ್ತಾರೆ. ನನಗೆ ಹಾಗೆ ಎರಡು ಸಲ ಆಗಿದೆ.

ಪ್ರೊಫೈಲ್ ಸಿದ್ಧವಾದ ಮೇಲೆ ಅದರೊಳಗೇ ರಿವ್ಯೂ ಕೇಳುವ ಲಿಂಕ್ ಮತ್ತು ಕ್ಯೂಆರ್ ಕೋಡ್ ಸಿಗುತ್ತದೆ. ಕ್ಯೂಆರ್ ಅನ್ನು ಪ್ರಿಂಟ್ ಹಾಕಿಸಿ ಆಲ್ಬಮ್ ಡಬ್ಬಿಯ ಒಳಮುಚ್ಚಳಕ್ಕೆ ಅಂಟಿಸುತ್ತೇನೆ. ಲಿಂಕನ್ನು ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ (ಮೊದಲೇ ಬರೆದಿಟ್ಟ ಮೆಸೇಜ್) ಮಾಡಿಟ್ಟುಕೊಂಡರೆ ಪ್ರತಿ ಸಲ ಹುಡುಕುವ ಕೆಲಸ ಇಲ್ಲ.

ಐಟಿ, ಡಿಸೈನ್, ಬರವಣಿಗೆ, ಅನುವಾದ ಇಂಥ ಕೆಲಸದವರಿಗೆ ಗೂಗಲ್‌ಗಿಂತ ಲಿಂಕ್ಡ್‌ಇನ್ ಮುಖ್ಯ. ಅಲ್ಲಿ ನಿಮ್ಮ ಕನೆಕ್ಷನ್‌ನಲ್ಲಿ ಇರುವವರನ್ನು ಮಾತ್ರ ಶಿಫಾರಸು ಕೇಳಬಹುದು. ಬಂದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಡಿ ಅಂತ ಕೇಳಿ ಆಮೇಲೆ ಪ್ರೊಫೈಲ್‌ಗೆ ಹಾಕಿಕೊಳ್ಳುವ ಅನುಕೂಲವೂ ಇದೆ. ಮುಂದಿನ ಹೆಜ್ಜೆಗಳೆಲ್ಲ ಎರಡಕ್ಕೂ ಒಂದೇ.

ಯಾವಾಗ ಕೇಳಬೇಕು

ಬಹಳ ಜನ ಎಡವುವುದು ಇಲ್ಲೇ. ಕೆಲಸ ಮುಗಿದ ದಿನವೇ ಕೇಳುತ್ತಾರೆ. ಮದುವೆ ಮುಗಿದ ರಾತ್ರಿ ಆ ಮನೆಯಲ್ಲಿ ಯಾರಿಗೂ ಕಾಲು ನಿಲ್ಲುತ್ತಿರುವುದಿಲ್ಲ, ಪಾತ್ರೆ ಲೆಕ್ಕ, ಉಡುಗೊರೆ ಲೆಕ್ಕ, ಛತ್ರ ಖಾಲಿ ಮಾಡುವ ಗಡಿಬಿಡಿ. ಆಗ ರಿವ್ಯೂ ಕೇಳಿದರೆ ಬರುವುದು ‘ಸೂಪರ್ ಸರ್’ ಮಾತ್ರ.

ನಿಮ್ಮ ಕೆಲಸದಿಂದ ಅವರಿಗೆ ಉಪಯೋಗ ಆದ ಕ್ಷಣ ಯಾವುದು ಅಂತ ನೋಡಿ. ಆಗ ಕೇಳಿ. ನನಗೆ ಅದು ಆಲ್ಬಮ್ ಬಿಚ್ಚುವ ಹೊತ್ತು. ಬ್ಲೌಸ್ ಹೊಲಿಯುವವರಿಗೆ ಬ್ಲೌಸ್ ಕೊಟ್ಟ ದಿನ ಅಲ್ಲ, ಅದನ್ನು ಹಾಕಿಕೊಂಡು ಫಂಕ್ಷನ್ ಮುಗಿಸಿ ಬಂದ ಮಾರನೇ ದಿನ. ಕಂಕುಳಲ್ಲಿ ಬಿಗಿ ಆಯಿತಾ, ಆರಿ ವರ್ಕಿನ ಮಣಿ ಉದುರಿತಾ, ಯಾರಾದರೂ ಎಲ್ಲಿ ಹೊಲಿಸಿದೆ ಅಂತ ಕೇಳಿದರಾ, ಇದೆಲ್ಲ ಗೊತ್ತಾಗುವುದು ಆಗಲೇ. ಕ್ಯಾಬಿನೆಟ್ ಮಾಡಿದವರು ಒಂದು ತಿಂಗಳು ಬಿಡಿ. ಡ್ರಾಯರ್ ನೂರು ಸಲ ಎಳೆದು ಮುಚ್ಚಿದ ಮೇಲೆ ಆ ಮನೆಯವರು ಹೇಳುವ ಮಾತಿಗೆ ಬೆಲೆ ಬೇರೆ. ಟ್ಯೂಷನ್ ಮೇಷ್ಟ್ರುಗಳು ರಿಸಲ್ಟ್ ದಿನವೇ ಕಾಯಬೇಕಿಲ್ಲ. ಲೆಕ್ಕ ಅಂದರೆ ಅಳುತ್ತಿದ್ದ ಹುಡುಗಿ ತಾನೇ ಪುಸ್ತಕ ತೆಗೆದು ಕೂರುತ್ತಾಳೆ ಅಂತ ತಾಯಿ ಹೇಳಿದ ದಿನ ಇದೆಯಲ್ಲ, ಅದೇ ಸರಿಯಾದ ದಿನ.

ಹಳೇ ಗ್ರಾಹಕರನ್ನೂ ಬಿಡಬೇಡಿ. ನಮಗೆ ಆಷಾಢದಲ್ಲಿ ಮದುವೆ ಇರುವುದಿಲ್ಲ, ಧನುರ್ಮಾಸದಲ್ಲೂ ಅಷ್ಟೇ. ಆ ದಿನಗಳಲ್ಲಿ ಹಳೇ ಆರ್ಡರ್ ಪುಸ್ತಕ ತೆಗೆದು ದಿನಕ್ಕೆ ಎರಡು ಮನೆಗೆ ಫೋನ್ ಮಾಡುತ್ತೇನೆ. ಮೊದಲ ವರ್ಷದ ಮದುವೆ ವಾರ್ಷಿಕೋತ್ಸವ ಹತ್ತಿರ ಇದ್ದವರಿಗೆ ಮೊದಲು. ಅವತ್ತು ಅವರೇ ಆಲ್ಬಮ್ ಹೊರಗೆ ತೆಗೆದಿರುತ್ತಾರೆ.

ಏನು ಕೇಳಬೇಕು

“ನಮ್ಮ ಬಗ್ಗೆ ಒಳ್ಳೆ ರಿವ್ಯೂ ಹಾಕಿ” ಅಂದರೆ ಜನಕ್ಕೆ ಏನು ಬರೆಯಬೇಕು ಅಂತ ತೋಚುವುದಿಲ್ಲ. ಖಾಲಿ ಡಬ್ಬಿ ಮುಂದೆ ಕೂತು ‘ಗುಡ್’ ಅಂತ ಹಾಕಿ ಎದ್ದುಬಿಡುತ್ತಾರೆ. ಹಾಗಾಗಿ ಹೊಗಳಿಕೆ ಕೇಳಬೇಡಿ, ಪ್ರಶ್ನೆ ಕೇಳಿ. ನಾನು ಕೇಳುವುದು ಮೂರೇ ಮೂರು.

ಒಂದು: ನಮಗೆ ಅಡ್ವಾನ್ಸ್ ಕೊಡುವ ಮೊದಲು ನಿಮಗೆ ಏನು ಅನುಮಾನ ಇತ್ತು?

ಎರಡು: ಆ ದಿನ ನಡೆದದ್ದರಲ್ಲಿ, ನಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದು, ಈಗಲೂ ನೆನಪಿರುವುದು ಯಾವುದು?

ಮೂರು: ನಿಮ್ಮ ತಂಗಿ ಮನೆಯಲ್ಲಿ ಮದುವೆ ಇದೆ, ನಮ್ಮ ಬಗ್ಗೆ ಕೇಳಿದರು ಅಂತಿಟ್ಟುಕೊಳ್ಳಿ. ಏನು ಹೇಳುತ್ತೀರಿ? ಏನು ಎಚ್ಚರಿಕೆ ಕೊಡುತ್ತೀರಿ?

ಮೊದಲ ಪ್ರಶ್ನೆಗೆ ಬರುವ ಉತ್ತರವೇ ಚಿನ್ನ. “ರೇಟು ಜಾಸ್ತಿ ಅನ್ನಿಸಿತ್ತು”, “ಮುಹೂರ್ತಕ್ಕೆ ಹೊತ್ತಿಗೆ ಸರಿಯಾಗಿ ಬರ್ತಾರೋ ಇಲ್ವೋ ಅಂತ ಭಯ ಇತ್ತು, ಹಿರೇ ಮಗಳ ಮದುವೇಲಿ ಫೋಟೊದವರು ಲೇಟಾಗಿ ಬಂದಿದ್ರು”. ಹೊಸದಾಗಿ ವಿಚಾರಿಸುವವರಿಗೂ ಇದೇ ಭಯ ಇರುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಅದೇ ಭಯ ಇದ್ದ ಇನ್ನೊಬ್ಬರು, ಅದು ಹೇಗೆ ಹೋಯಿತು ಅಂತ ಹೇಳಿದಾಗ ಅವರಿಗೆ ಧೈರ್ಯ ಬರುತ್ತದೆ. ನಾವೇ ನೂರು ಸಲ “ಟೈಮಿಗೆ ಸರಿಯಾಗಿ ಬರುತ್ತೇವೆ” ಅಂತ ಬರೆದುಕೊಂಡರೂ ಆ ಧೈರ್ಯ ಬರುವುದಿಲ್ಲ, ಅಲ್ವಾ?

ಮೂರನೇ ಪ್ರಶ್ನೆಯ ಎಚ್ಚರಿಕೆಯನ್ನೂ ಬಿಡಬೇಡಿ. ಒಬ್ಬರು “ಕೆಲಸ ಚೆನ್ನಾಗಿ ಮಾಡ್ತಾರೆ, ಆದ್ರೆ ಗ್ರೂಪ್ ಫೋಟೊಕ್ಕೆ ಜನನ್ನ ನೀವೇ ಕರ್ಕೊಂಡು ಬಂದು ನಿಲ್ಲಿಸ್ಬೇಕು” ಅಂದಿದ್ದರು. ಅದನ್ನು ಹಾಗೇ ಹಾಕಿದ್ದೇನೆ. ಅದು ನಿಜ. ಈಗ ಬರುವ ಪಾರ್ಟಿಗಳು ಮೊದಲೇ ಒಬ್ಬ ಸೋದರಮಾವನನ್ನು ಆ ಕೆಲಸಕ್ಕೆ ನೇಮಿಸಿರುತ್ತಾರೆ.

ಕೇಳುವ ಕ್ರಮ ಹೀಗೆ. ಮೊದಲು ಫೋನ್, ಆಮೇಲೆ ಮೆಸೇಜ್. ಬರೀ ಲಿಂಕ್ ಬಂದರೆ ಜನ ಈಗ ಮೋಸದ ಲಿಂಕ್ ಅಂತ ಹೆದರುತ್ತಾರೆ, ಹೆದರುವುದು ಸರಿಯೂ ಹೌದು. ಫೋನಿನಲ್ಲಿ ಮಾತಾಡಿ, “ಒಂದು ಲಿಂಕ್ ಕಳಿಸ್ತೀನಿ” ಅಂತ ಹೇಳಿಯೇ ಕಳಿಸಿ. ನಾನು ಕಳಿಸುವುದು ಸುಮಾರಾಗಿ ಇಂಥದ್ದು:

“ನಮಸ್ಕಾರ ಅಮ್ಮ. ಆಲ್ಬಮ್ ಮನೆಯವರೆಲ್ಲ ನೋಡಿದ್ರಾ? ಅಜ್ಜನ ಫೋಟೊ ನೋಡಿ ನೀವು ಅವತ್ತು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. ಅದನ್ನೇ ಎರಡು ಮೂರು ಸಾಲು ಇಲ್ಲಿ ಬರೆದರೆ, ಹೊಸದಾಗಿ ವಿಚಾರಿಸುವವರಿಗೆ ನಮ್ಮ ಕೆಲಸ ಹೇಗಿರುತ್ತೆ ಅಂತ ಗೊತ್ತಾಗುತ್ತೆ. ಕನ್ನಡದಲ್ಲೇ ಬರೆಯಿರಿ. ಏನಾದರೂ ಸರಿ ಇರಲಿಲ್ಲ ಅನ್ನಿಸಿದ್ರೆ ಅದನ್ನೂ ಬರೆಯಿರಿ. ಪುರುಸೊತ್ತಾದಾಗ ಸಾಕು.”

ಇದರಲ್ಲಿ ಕೆಲಸ ಮಾಡುವುದು ‘ನೀವು ಅವತ್ತು ಹೇಳಿದ ಮಾತು’ ಅನ್ನುವ ಭಾಗ. ಅವರು ಹೊಸದಾಗಿ ಏನನ್ನೂ ಯೋಚಿಸಬೇಕಿಲ್ಲ, ಹೇಳಿದ್ದನ್ನೇ ಬರೆದರೆ ಆಯಿತು. ಅದಕ್ಕೆ ನೀವು ಆ ಮಾತನ್ನು ಮರೆತಿರಬಾರದು. ಗ್ರಾಹಕರ ಮನೆಯಿಂದ ಹೊರಗೆ ಬಂದ ಕೂಡಲೇ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಅವರು ಹೇಳಿದ್ದನ್ನು ಅವರ ಶಬ್ದದಲ್ಲೇ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಇದೊಂದು ಅಭ್ಯಾಸ ಬಂದರೆ ಅರ್ಧ ಕೆಲಸ ಆದಂತೆ.

ಬರೆಯಲು ಬಾರದವರು, ಬರೆಯಲು ಸೋಮಾರಿತನ ಮಾಡುವವರು

ಮದುವೆಗೆ ದುಡ್ಡು ಕೊಡುವವರು ಅಪ್ಪ ಅಮ್ಮ. ಫೋಟೊಗ್ರಾಫರ್ ಯಾರು ಅಂತ ತೀರ್ಮಾನ ಮಾಡುವವರೂ ಎಷ್ಟೋ ಮನೆಯಲ್ಲಿ ಅವರೇ. ಆದರೆ ರಿವ್ಯೂ ಬರೆಯುವವರು ಮಕ್ಕಳು. ಹಿರಿಯರ ಮಾತು ಎಲ್ಲೂ ಬರುವುದೇ ಇಲ್ಲ. ಅವರ ಹತ್ತಿರ ವಾಯ್ಸ್ ಮೆಸೇಜ್ ಕೇಳಿ. ವಾಟ್ಸಾಪ್‌ನಲ್ಲಿ ಮೈಕ್ ಒತ್ತಿ ಮಾತಾಡುವುದು ಎಲ್ಲರಿಗೂ ಬರುತ್ತದೆ. ನಾನು ಅದನ್ನು ಕೇಳಿ, ಇದ್ದ ಹಾಗೇ ಟೈಪ್ ಮಾಡಿ, ಅವರಿಗೇ ವಾಪಸ್ ಕಳಿಸಿ, “ಇದು ನೀವು ಹೇಳಿದ್ದೇ ತಾನೇ? ಹಾಕಬಹುದಾ?” ಅಂತ ಕೇಳುತ್ತೇನೆ. ಹೂಂ ಅಂದ ಮೇಲೆ ನನ್ನ ವೆಬ್‌ಸೈಟ್, ಇನ್‌ಸ್ಟಾಗ್ರಾಂಗೆ ಹಾಕುತ್ತೇನೆ.

ಗೂಗಲ್‌ಗೆ ಮಾತ್ರ ಅವರ ಪರವಾಗಿ ನೀವು ಹಾಕುವಂತಿಲ್ಲ, ಅವರವರ ಖಾತೆಯಿಂದ ಅವರೇ ಬರೆಯಬೇಕು. ಅವರ ಫೋನ್ ಇಸಿದುಕೊಂಡು ನೀವೇ ಬರೆದು ಕೊಡುವುದೂ ಬೇಡ. ಜಿಬೋರ್ಡ್ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿ, ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಬೀಳುತ್ತದೆ ಅಂತ ಒಂದು ಸಲ ತೋರಿಸಿಕೊಡಿ. ಆಮೇಲೆ ಪಕ್ಕಕ್ಕೆ ಸರಿದು ಕೂತುಕೊಳ್ಳಿ. ಅವರು ಆಲ್ಬಮ್‌ನ ಒಂದು ಪುಟದ ಫೋಟೊ ಹೊಡೆದು ರಿವ್ಯೂ ಜೊತೆಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಒಂದು ವಿಷಯ ದಯವಿಟ್ಟು ಮಾಡಬೇಡಿ. ಅವರ ಭಾಷೆಯನ್ನು ತಿದ್ದಬೇಡಿ. ಹೊನ್ನಾಳಿ ಕಡೆಯ ಒಬ್ಬ ಯಜಮಾನರು ನನ್ನ ಅಸಿಸ್ಟೆಂಟ್ ಬಗ್ಗೆ, “ಆ ಹುಡುಗ ಊಟಕ್ಕೂ ಕುಂದ್ರಲಿಲ್ಲ, ಧಾರಿ ಮುಗಿಯೋತನಕ ನಿಂತೇ ಇದ್ದ, ನಾನೇ ಕರದು ಒಂದು ಲೋಟ ಮಜ್ಜಿಗಿ ಕೊಟ್ಟೆ” ಅಂದಿದ್ದರು. ಇದನ್ನು ‘ಸಿಬ್ಬಂದಿ ಸಮರ್ಪಣಾ ಭಾವದಿಂದ ಸೇವೆ ಸಲ್ಲಿಸಿದರು’ ಅಂತ ಬದಲಾಯಿಸಿದರೆ ಉಳಿಯುವುದೇನು? ಮಜ್ಜಿಗೆ ಹೋಯಿತು, ಯಜಮಾನರೂ ಹೋದರು. ಉದ್ದ ಜಾಸ್ತಿ ಇದ್ದರೆ ಕಡಿಮೆ ಮಾಡಿ, ಆದರೆ ಅರ್ಥ ತಿರುಗದ ಹಾಗೆ, ಮತ್ತು ಅವರಿಗೆ ತೋರಿಸಿ.

ಒಪ್ಪಿಗೆ: ಮೂರು ಬೇರೆ ಬೇರೆ ಪ್ರಶ್ನೆ

ಮಾತು ಹಾಕಬಹುದಾ? ಹೆಸರು ಹಾಕಬಹುದಾ? ಫೋಟೊ ಹಾಕಬಹುದಾ? ಇವು ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ವಾಟ್ಸಾಪ್‌ನಲ್ಲೇ ಉತ್ತರ ಪಡೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಾತಿಗೆ ಹೂಂ ಅಂದ ಎಷ್ಟೋ ಮನೆಯವರು ಮಗಳ ಫೋಟೊ ಬೇಡ ಅನ್ನುತ್ತಾರೆ. ಹಾಗಿದ್ದರೆ ‘ಮದುಮಗಳ ತಾಯಿ, ಹರಿಹರ’ ಅಂತಷ್ಟೇ ಹಾಕಿ, ಕೈಯ ಮೆಹಂದಿಯದೋ ಮಂಟಪದ್ದೋ ಫೋಟೊ ಜೊತೆಗಿಡಿ. ಜನರ ವೈಯಕ್ತಿಕ ಮಾಹಿತಿಯನ್ನು ಒಪ್ಪಿಗೆ ಕೇಳಿ ಬಳಸಬೇಕು ಅನ್ನುವುದಕ್ಕೆ ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಇದೆ. ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳುವ ಹಕ್ಕೂ ಅದರಲ್ಲಿದೆ.

ಒಂದು ಸಲ ರಾತ್ರಿ ಒಂಬತ್ತಕ್ಕೆ ಒಬ್ಬ ತಾಯಿ ಫೋನ್ ಮಾಡಿ, “ಅವರಿಬ್ಬರೂ ಈಗ ಜೊತೆಗಿಲ್ಲಪ್ಪ, ಆ ಪೋಸ್ಟ್ ತೆಗೆದುಬಿಡು” ಅಂದರು. ಯಾಕೆ, ಏನು ಅಂತ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಕಡೆಯಿಂದ ತೆಗೆದು, ತೆಗೆದಿದ್ದೇನೆ ಅಮ್ಮ ಅಂತ ಒಂದು ಮೆಸೇಜ್ ಹಾಕಿದೆ. ಆ ಮದುವೆ ಆಲ್ಬಮ್ ನಮ್ಮ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೂ ಅದು ಅವರ ಬದುಕು, ನಮ್ಮ ಜಾಹೀರಾತು ಅಲ್ಲ. ನೀವು ಎಲ್ಲೆಲ್ಲಿ ಹಾಕಿದ್ದೀರಿ ಅಂತ ಲೆಕ್ಕ ಇಟ್ಟಿದ್ದರೆ ಮಾತ್ರ ಹೀಗೆ ಹತ್ತು ನಿಮಿಷದಲ್ಲಿ ತೆಗೆಯಲು ಆಗುತ್ತದೆ.

ದುಡ್ಡು ಕೊಟ್ಟು ತರಬೇಡಿ

“ನೂರು ಫೈವ್ ಸ್ಟಾರ್ ಹಾಕಿಸಿ ಕೊಡ್ತೀವಿ” ಅಂತ ಫೋನ್ ಬರುತ್ತಲೇ ಇರುತ್ತದೆ. ನಮ್ಮ ಲೈನಿನ ಪರಿಚಯದವರೊಬ್ಬರು ತಗೊಂಡಿದ್ದರು. ನೋಡನೋಡುತ್ತಾ ಅಷ್ಟೂ ಮಾಯವಾದವು. ಜೊತೆಗೆ ನಿಜವಾದ ಗ್ರಾಹಕರು ಬರೆದ ಕೆಲವೂ ಹೋದವು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು, ವರ್ಷಗಟ್ಟಲೆ ದುಡಿದು ಸಂಪಾದಿಸಿದ್ದು ಅದು.

ಗೂಗಲ್ ನಿಯಮ ಸ್ಪಷ್ಟವಾಗಿದೆ. ರಿವ್ಯೂಗೆ ಬದಲಾಗಿ ಡಿಸ್ಕೌಂಟ್, ಫ್ರೀ ಫ್ರೇಮ್, ದುಡ್ಡು ಏನೂ ಕೊಡುವಂತಿಲ್ಲ. ನೀವು, ನಿಮ್ಮ ಕೆಲಸದವರು ನಿಮ್ಮ ಬಗ್ಗೆಯೇ ಬರೆಯುವಂತಿಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದಿದೆ: ಖುಷಿಯಾಗಿರುವವರನ್ನು ಮಾತ್ರ ಆರಿಸಿ ಲಿಂಕ್ ಕಳಿಸುವುದೂ ತಪ್ಪು. ಕೇಳಿದರೆ ಎಲ್ಲರನ್ನೂ ಕೇಳಬೇಕು. ಇದು ಶುರುವಿನಲ್ಲಿ ನನಗೂ ಕಷ್ಟ ಅನ್ನಿಸಿತು. ಆದರೆ ಎಲ್ಲರನ್ನೂ ಕೇಳಬೇಕು ಅಂತ ಗೊತ್ತಿದ್ದರೆ, ಬೇಜಾರಾದ ಮನೆಗೆ ಲಿಂಕ್ ಕಳಿಸುವ ಮೊದಲೇ ಹೋಗಿ ಬೇಜಾರು ಸರಿ ಮಾಡಿ ಬರುತ್ತೇವೆ. ಹಾಗೆ ಎರಡು ಆಲ್ಬಮ್ ಹೊಸದಾಗಿ ಪ್ರಿಂಟ್ ಹಾಕಿಸಿ ಕೊಟ್ಟಿದ್ದೇನೆ.

ನಮ್ಮ ದೇಶದ ನಿಯಮಗಳೂ ಇದೇ ಕಡೆಗಿವೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಅನ್ನುವ ಮಾನದಂಡ ತಂದಿತು. ಕೊಂಡು ತಂದ ರಿವ್ಯೂ, ಜನ ಇಟ್ಟು ಬರೆಸಿದ ರಿವ್ಯೂ ಪ್ರಕಟಿಸಬಾರದು ಅಂತ ಅದರಲ್ಲಿದೆ. ಅದೇ ವರ್ಷ ಜೂನ್‌ನಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಡಿ ಬಂದ ಜಾಹೀರಾತು ಮಾರ್ಗಸೂಚಿಯೂ, ಒಬ್ಬರ ಶಿಫಾರಸನ್ನು ಜಾಹೀರಾತಿಗೆ ಬಳಸುವುದಾದರೆ ಅದು ಅವರ ನಿಜವಾದ ಅಭಿಪ್ರಾಯ ಆಗಿರಬೇಕು ಅನ್ನುತ್ತದೆ.

ವಕೀಲರು, ಡಾಕ್ಟರ್‌ಗಳು, ಚಾರ್ಟರ್ಡ್ ಅಕೌಂಟೆಂಟ್‌ಗಳು ಇದನ್ನು ಓದುತ್ತಿದ್ದರೆ ಒಂದು ನಿಮಿಷ. ನಿಮ್ಮ ನಿಯಮ ಬೇರೆ. ವಕೀಲರಿಗೆ ಬಾರ್ ಕೌನ್ಸಿಲ್‌ನ 36ನೇ ನಿಯಮ ಜಾಹೀರಾತನ್ನೇ ತಡೆಯುತ್ತದೆ. ಉಳಿದ ಇಬ್ಬರಿಗೂ ಅವರವರ ಸಂಸ್ಥೆಯ ಕಟ್ಟುಪಾಡುಗಳಿವೆ. ಅದನ್ನು ನೋಡದೆ ಮೇಲಿನ ಯಾವುದನ್ನೂ ಮಾಡಬೇಡಿ.

ಕೆಟ್ಟ ರಿವ್ಯೂ ಬಂದಾಗ

ಬರುತ್ತದೆ. ನನಗೆ ಬಂದದ್ದು, “ಮೂರು ತಿಂಗಳಾದರೂ ಆಲ್ಬಮ್ ಇಲ್ಲ, ಫೋನ್ ತೆಗೆಯಲ್ಲ.” ಎರಡೂ ನಿಜ. ಓದಿದ ತಕ್ಷಣ ಉತ್ತರ ಬರೆಯಲು ಕೈ ಹೋಗುತ್ತದೆ, ಆಗ ಬರೆಯಬೇಡಿ. ಊಟ ಮಾಡಿ, ಮಲಗಿ ಎದ್ದು, ಮೊದಲು ಅವರಿಗೆ ಫೋನ್ ಮಾಡಿ. ಆಮೇಲೆ ಚಿಕ್ಕದಾಗಿ ಉತ್ತರ ಬರೆಯಿರಿ. ನಾನು ಬರೆದದ್ದು: “ಸರ್, ತಡ ಆಗಿದ್ದು ನಿಜ, ಕ್ಷಮಿಸಿ. ಲ್ಯಾಬ್‌ನಿಂದ ಬಂದ ಪ್ರಿಂಟ್ ಬಣ್ಣ ಸರಿ ಇರಲಿಲ್ಲ, ವಾಪಸ್ ಕಳಿಸಿದ್ದೆ. ಅದನ್ನು ನಿಮಗೆ ಆಗಲೇ ಹೇಳಬೇಕಿತ್ತು. ಈ ಭಾನುವಾರ ನಾನೇ ಆಲ್ಬಮ್ ತಂದು ಕೊಡುತ್ತೇನೆ.” ಭಾನುವಾರ ಹೋದೆ, ಕೊಟ್ಟೆ. ಅವರು ರಿವ್ಯೂ ತೆಗೆಯಲಿಲ್ಲ, ತೆಗೆಯಿರಿ ಅಂತ ನಾನೂ ಕೇಳಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿದರು, “ಭಾನುವಾರ ತಂದುಕೊಟ್ಟರು.” ಅಷ್ಟು ಸಾಕು.

ನಿಮಗೆ ಸಂಬಂಧವೇ ಇಲ್ಲದವರು ಬರೆದಿದ್ದರೆ, ಬೈಗುಳ ಇದ್ದರೆ ಗೂಗಲ್‌ಗೆ ರಿಪೋರ್ಟ್ ಮಾಡಬಹುದು. ನೀವೇ ಅಳಿಸಲು ಆಗುವುದಿಲ್ಲ.

ಬಂದ ಮಾತನ್ನು ಎಲ್ಲಿ ಇಡಬೇಕು

ಎಲ್ಲವನ್ನೂ ಒಂದೇ ಪುಟದಲ್ಲಿ ಗುಡ್ಡೆ ಹಾಕಿದರೆ ಯಾರೂ ಓದುವುದಿಲ್ಲ. ಅನುಮಾನ ಹುಟ್ಟುವ ಜಾಗದಲ್ಲೇ ಅದಕ್ಕೆ ಉತ್ತರವಾಗುವ ಮಾತು ಇರಲಿ. ನನ್ನ ಕೊಟೇಶನ್ ಪಿಡಿಎಫ್‌ನಲ್ಲಿ ರೇಟಿನ ಕೆಳಗೇ, ರೇಟು ಜಾಸ್ತಿ ಅನ್ನಿಸಿತ್ತು ಅಂದವರ ಎರಡು ಸಾಲು ಇದೆ. ಮುಹೂರ್ತದ ಭಯದ ಮಾತು ‘ಎಷ್ಟು ಹೊತ್ತಿಗೆ ಬರುತ್ತೇವೆ’ ಅನ್ನುವ ಭಾಗದ ಪಕ್ಕದಲ್ಲಿದೆ. ಪ್ರತಿ ಮಾತಿಗೂ ತಿಂಗಳು, ವರ್ಷ ಹಾಕಿ. ಆರು ವರ್ಷದ ಹಿಂದಿನದ್ದನ್ನು ನಿನ್ನೆಯದ್ದು ಅನ್ನುವ ಹಾಗೆ ತೋರಿಸುವುದು ಬೇಡ.

ಲೆಕ್ಕಕ್ಕೆ ಒಂದು ನೋಟ್‌ಬುಕ್ಕೋ ಗೂಗಲ್ ಶೀಟೋ ಸಾಕು. ಹೆಸರು, ಕೆಲಸ ಕೊಟ್ಟ ದಿನ, ಅವರು ಬಾಯಲ್ಲಿ ಹೇಳಿದ ಮಾತು, ಕೇಳಿದ ದಿನ, ಬಂತಾ ಇಲ್ವಾ, ಯಾವುದಕ್ಕೆ ಒಪ್ಪಿಗೆ, ಎಲ್ಲಿ ಹಾಕಿದೆ. ಉತ್ತರ ಬರದಿದ್ದರೆ ಹತ್ತು ಹದಿನೈದು ದಿನ ಬಿಟ್ಟು ಒಂದು ಸಲ ನೆನಪಿಸಿ. ಮೂರನೇ ಸಲ ಕೇಳಬೇಡಿ. ಆ ಮನೆಯಲ್ಲಿ ಇನ್ನೊಬ್ಬ ಮಗಳಿರಬಹುದು, ಆ ಮದುವೆಗೆ ಅವರು ನಿಮಗೆ ಖುಷಿಯಿಂದ ಫೋನ್ ಮಾಡುವ ಹಾಗಿರಬೇಕು.